ಗುಳಿಗಿ ಬರ್ಸೂಕಿಂತ ಮೊದ್ಲ ಏನೇನ್ ನೋಡಬೇಕು? ಮರೆವಿನ ಹಿರಿಯರ ಬಗ್ಗೆ ಸಿಸ್ಟರ್‌ಗೆ ಕೇಳ್ರಿ

ಅಡ್ಮಿನ್: ಈ ವಾರ ಉತ್ತರ ಕೊಡವ್ರು ಬೆಳಗಾವ್ಯಾಗ ಹಿರಿಯರ ಕೇರ್ ಹೋಮ್ ಒಂದರ ನರ್ಸಿಂಗ್ ಇನ್‌ಚಾರ್ಜ್ ಸಿಸ್ಟರ್. ವಿಷಯ: ಡಿಮೆನ್ಶಿಯಾ (ಮರೆವಿನ ರೋಗ) ಇದ್ದವರು ಹೊಡಿಯೂದು, ಚೀರೂದು, ಗೇಟಿಗೆ ಓಡೂದು, ಇವನ್ನ ಗುಳಿಗಿ ಇಲ್ದ ಹೆಂಗ ಸಂಭಾಳಿಸಬೇಕು ಅಂತ. ಪೇಶಂಟ್ ಹೆಸರು, ಫೋಟೋ, ಆಶ್ರಮದ ಹೆಸರು ಯಾರೂ ಹಾಕಬ್ಯಾಡ್ರಿ.

ಪ್ರಶ್ನೆ (ಗೋಕಾಕ ಕಡೆಯಿಂದ, ಆಶ್ರಮದಾಗ ಕೇರ್‌ಟೇಕರ್):
ನಮಸ್ಕಾರ್ರಿ ಸಿಸ್ಟರ್. ನಮ್ಮಲ್ಲಿ ಒಬ್ರು ಅಜ್ಜಾರ ಅದಾರ, ಎಂಬತ್ತರ ಮ್ಯಾಲ ವಯಸ್ಸು, ಒಕ್ಕಲುತನ ಮಾಡಿದವ್ರು. ದಿನಾಪೂರ್ತಿ ಗಪ್ ಕೂತಿರ್ತಾರ, ಚಾ ಕೊಟ್ರ ಕುಡೀತಾರ, ಆದ್ರ ಜಳಕಕ್ಕ ಕರ್ಕೊಂಡ ಹೋದ್ರ ಸಾಕು ಹೊಡಿಯೂದು ಒದಿಯೂದು, ಕೇಳಬಾರದ ಬೈಗುಳ. ಮೊನ್ನೆ ನನ್ನ ಮುಂಗೈ ಕಚ್ಚಿದ್ರು, ರಕ್ತ ಬಂತು. ಇಬ್ಬರು ಹಿಡ್ಕೋತೀವಿ, ಒಬ್ರು ನೀರ್ ಹಾಕ್ತೀವಿ. ಆರಕ್ಕ ಸುರು ಮಾಡಿದ್ರ ಎಂಟರೊಳಗ ಎಲ್ಲಾರ್ದೂ ಮುಗೀಬೇಕ್ರಿ, ಅರಿವಿ ಬಿಚ್ಚೂದು, ಕೊಳ್ಳಾಗಿನ ಇಷ್ಟಲಿಂಗ ಇರೂ ಕರಡಗಿ (ಸಣ್ಣ ಡಬ್ಬಿ) ತಗದಿಡೂದು, ತಲಿಮ್ಯಾಲ ನೀರ್ ಹಾಕೂದು, ಒರಸೂದು, ಎಲ್ಲಾ ಹತ್ತ ನಿಮಿಷದ ಕೆಲಸ. ಈಗ ಸಾಹೇಬ್ರು ಅಂತಾರ ಡಾಕ್ಟರ್ ಕಡೆ ಒಂದ ಗುಳಿಗಿ ಬರ್ಸೋಣ, ಮಬ್ಬಾಗಿರ್ತಾರ ಅಂತ. ಬ್ಯಾರೆ ದಾರಿ ಐತೇನ್ರಿ?

ಸಿಸ್ಟರ್:
ತಂಗಿ, ಮೊದ್ಲ ನಿನ್ನ ಕೈ. ಮನುಷ್ಯಾರ ಹಲ್ಲು ತಾಕಿದ ಗಾಯ ಭಾಳ ಲಗೂ ಕೀವಾಗತೈತಿ, ಸಾಬೂನು ಹಚ್ಚಿ ಹರಿಯೂ ನೀರಾಗ ತೊಳದು ಇವತ್ತ ಡಾಕ್ಟರ್‌ಗೆ ತೋರ್ಸು, ಧನುರ್ವಾಯು ಇಂಜೆಕ್ಷನ್ (ಟಿಟಿ) ತಗೊಂಡು ಎಷ್ಟ್ ವರ್ಷಾತು ಅದನ್ನೂ ಹೇಳು. ಸಾಹೇಬ್ರು ರಜಾ ಕೊಡಲಿಲ್ಲ ಅಂದ್ರ ಈ ಮೆಸೇಜ್ ತೋರ್ಸು.

ಇನ್ನ ಅಜ್ಜಾರ ವಿಷಯ. ನೀ ಬರದದ್ದನ್ನ ನೀನ ಇನ್ನೊಮ್ಮೆ ಓದು. ಅರಿವಿ ಬಿಚ್ಚೂದು, ಕರಡಗಿ ತಗದಿಡೂದು ಅಂತ ಎರಡೂ ಒಂದ ಸಾಲಿನ್ಯಾಗ ಬರದೀ. ಮೈಮ್ಯಾಲಿನ ಲಿಂಗ ಜೀವ ಇರೂತನಕ ತಗೀಬಾರದು ಅಂತ ಬೆಳದ ಮನುಷ್ಯಾ ಅವ್ರು. ಹೆಂಡ್ತಿ ಹೆಸರು ಮರತಿರಬಹುದು, ಇವತ್ತ ಸೋಮವಾರೋ ಶುಕ್ರವಾರೋ ಗೊತ್ತಿಲ್ದ ಇರಬಹುದು, ಆದ್ರ ಕೊಳ್ಳಿಗೆ ಯಾರದರ ಕೈ ಬಂತಂದ್ರ ಅವರ ಕೈ ತಾನ ಏಳತೈತಿ. ಇದನ್ನ ರೋಗ ಅಂತ ನಾ ಒಪ್ಪಂಗಿಲ್ಲ, ನನ್ನ ಕೊಳ್ಳಾಗಿನ ತಾಳಿಗಿ ಗುರ್ತಿಲ್ಲದವ್ರು ಕೈ ಹಾಕಿದ್ರ ನಾನೂ ಹೊಡೀತೀನಿ. ನಾಳೆಯಿಂದ ಕರಡಗಿ ತಗೀಬ್ಯಾಡ. ಒದ್ದಿ ಆದ್ರ ಒರಸಿದ್ರಾತು. ಶಿವದಾರ ಹಸಿ ಉಳದು ಚರ್ಮ ಕೆಂಪಾಗತೈತೇನು ಅಷ್ಟ ನೋಡ್ಕೊ, ದಾರ ಬದ್ಲಿ ಮಾಡೂದಿದ್ರ ಮನೀಯವ್ರು ಬಂದಾಗ ಅವರ ಕೈಲೆ ಮಾಡ್ಸು. ಮತ್ತ ಜಳಕ ಅಂತ ಕರೀಬ್ಯಾಡ, "ಪೂಜಾಕ್ಕ ಹೊತ್ತಾತ್ರೀ ಅಜ್ಜಾರ, ನೀರ ಕಾದಾವು" ಅನ್ನು. ಜಳಕ ಆದಕೂಡ್ಲೆ ಕುರ್ಚಿ ಮ್ಯಾಲ ಕುಂದ್ರಿಸಿ ವಿಭೂತಿ ಕೈಗಿ ಕೊಡು. ಅಷ್ಟ ವರ್ಷ ಮಾಡಿದ ಕೆಲಸ, ಬೆರಳಿಗಿ ನೆನಪಿರತೈತಿ.

ಅದಷ್ಟಕ್ಕ ಮುಗೀಲಿಲ್ಲ ಅಂದ್ರ ಮತ್ತ ಮೂರು ನೋಡು. ಒಂದು ಥಂಡಿ. ಆರು ಗಂಟೆಗೆ ಹಸಿ ಫರಸಿ ಮ್ಯಾಲ ಬರಿಗಾಲಿಲೆ ನಿಲ್ಸಿ ಮೈಮ್ಯಾಲಿನ ಅರಿವಿ ಎಲ್ಲಾ ಒಮ್ಮೆಲೆ ಬಿಚ್ಚಿದ್ರ ನಮಗ ಗೊತ್ತಿರತೈತಿ ಮುಂದ ಬಿಸಿನೀರು ಬರತೈತಿ ಅಂತ, ಅವರಿಗಿ ಗೊತ್ತಿರಂಗಿಲ್ಲ, ಅವರ ಪಾಲಿಗೆ ಮೂರು ಮಂದಿ ಸೇರಿ ಬತ್ತಲೆ ಮಾಡಾಕತ್ತಾರ ಅಷ್ಟ. ನೀರ ತಲಿಮ್ಯಾಲ ಸುರುವೂದು ಎಲ್ಲಾಕಿಂತ ಕೆಟ್ಟದ್ದು, ಉಸಿರ ಕಟ್ಟಿದಂಗ ಆಗತೈತಿ. ಕಾಲಿಂದ ಸುರು ಮಾಡು, ತಂಬಿಗಿಲೆ ಪಾದಕ್ಕ ನೀರ ಹಾಕಿ, ಅದ ನೀರಾಗ ಅವರ ಕೈ ಅದ್ದಿ "ಬಿಸಿ ಸಾಕೇನ್ರಿ" ಅಂತ ಕೇಳು, ಮುಖ ತಲಿ ಕಡೀಕ. ನಡುವಿಗೆ ಟವೆಲ್ ಇರ್ಲಿ, ಹೆಗಲಿಗೊಂದು ಟವೆಲ್ ಇರ್ಲಿ, ಅದರ ಕೆಳಗ ಕೈ ಹಾಕಿ ತಿಕ್ಕು.

ಅದೂ ಆಗಲಿಲ್ಲ ಅಂದ್ರ ಬಾತ್‌ರೂಮಿಗೇ ಒಯ್ಯಬ್ಯಾಡ. ಹಾಸಿಗಿ ಮ್ಯಾಲ ಮಲಗಿಸಿ ಮೈತುಂಬ ಒಂದು ದೊಡ್ಡ ಬೆಚ್ಚನ ಒದ್ದಿ ಟವೆಲ್ ಹೊಚ್ಚಿ, ಅದರ ಮ್ಯಾಲ ಒಣ ಚಾದರ ಹೊಚ್ಚಿ, ಒಳಗಿಂದ ಒಂದೊಂದ ಭಾಗ ಒರಸಿಕೊಂತ ಹೋಗೂದು. ಇದಕ್ಕ ಟವೆಲ್ ಬಾತ್ ಅಂತಾರ. ಅಮೇರಿಕಾದ ನರ್ಸಿಂಗ್ ಹೋಮ್‌ಗಳಾಗ ಇದನ್ನ ಅಭ್ಯಾಸ ಮಾಡಿ ನೋಡ್ಯಾರ, ಬಡದಾಟ ಭಾಳ ಕಡಿಮಿ ಆಗೇತಿ. ದಿನಾ ತಲಿಮ್ಯಾಲಿಂದ ಜಳಕ ಯಾರಿಗೂ ಬೇಕಿಲ್ಲ. ಮುಖ, ಕೈ, ಬಗಲು, ತೊಡಿಸಂದಿ ದಿನಾ ಸ್ವಚ್ಛ ಇದ್ರ, ವಾರಕ್ಕೆರಡು ಪೂರ್ತಿ ಜಳಕ ಸಾಕು.

ಎರಡನೇದ್ದು ಹೆಣ್ಮಕ್ಕಳು. ಆ ವಯಸ್ಸಿನ ಗಂಡಸರಿಗೆ ಮೊಮ್ಮಗಳ ವಯಸ್ಸಿನವ್ರು ದೋತರ ಬಿಚ್ಚಿದ್ರ ಆಗೂ ನಾಚಿಗಿ ಡಿಮೆನ್ಶಿಯಾ ಬಂತಂತ ಹೋಗಂಗಿಲ್ಲ. ಗಂಡಸ ಸ್ಟಾಫ್ ಒಬ್ರು ಇದ್ರ ಅವರಿಗೇ ಈ ಡ್ಯೂಟಿ ಹಚ್ಚಾಕ ಕೇಳು.

ಮೂರನೇದ್ದು ನೋವು. ಅಜ್ಜಾರ ಬಾಯಿಲೆ "ಮೊಣಕಾಲ ನೋಯ್ತಾವು" ಅನ್ನಾಂಗಿಲ್ಲ, ನೀ ಕೈ ಎತ್ತಿಸಿದಾಗ ಮುಖ ಹಿಂಡ್ತಾರೇನು, ಉಸಿರು ಜೋರಾಗತೈತೇನು, ನರಳ್ತಾರೇನು, ಮೈ ಬಿಗಿ ಹಿಡೀತಾರೇನು, ಸಮಾಧಾನ ಮಾಡಿದ್ರ ಕೇಳ್ತಾರೇನು, ಈ ಐದು ನೋಡು. ಇದಕ್ಕ ಪೇನಾಡ್ ಅಂತ ಒಂದು ಸ್ಕೇಲ್ ಐತಿ, ಒಂದೊಂದಕ್ಕ ಎರಡರತನಕ ಮಾರ್ಕ್ಸು, ಒಟ್ಟು ಹತ್ತು. ನಾರ್ವೇದಾಗ 18 ನರ್ಸಿಂಗ್ ಹೋಮ್‌ಗಳ 352 ಮಂದಿ ಮ್ಯಾಲ ಒಂದು ಅಧ್ಯಯನ ಮಾಡಿದ್ರು, 2011ರಾಗ ಬಿಎಂಜೆ ಅನ್ನೂ ವೈದ್ಯಕೀಯ ಪತ್ರಿಕ್ಯಾಗ ಬಂತು. ಅರ್ಧ ಮಂದಿಗೆ ನೋವಿನ ಔಷಧ ಹಂತಹಂತವಾಗಿ ಕೊಟ್ರು, ಹೆಚ್ಚಿನವರಿಗೆ ಬರೇ ಪ್ಯಾರಾಸಿಟಮಾಲ್. 8 ವಾರದಾಗ ಚಡಪಡಿಕಿ ಸಿಟ್ಟು ಸುಮಾರು 17 ಪರ್ಸೆಂಟ್ ಇಳೀತು. ಗುಳಿಗಿ ಬ್ಯಾಡ ಅಂತ ಹೇಳಿ ಗುಳಿಗಿ ಹೇಳಾಕತ್ತಾರ ಅನ್ಕೋಬ್ಯಾಡ, ನೋವಿನ ಗುಳಿಗಿ ಬ್ಯಾರೆ, ಮಬ್ಬು ಬರ್ಸೂ ಗುಳಿಗಿ ಬ್ಯಾರೆ. ಜಳಕದ ಮುಂಚೆ ಪ್ಯಾರಾಸಿಟಮಾಲ್ ಕೊಡಬಹುದೇನು ಅಂತ ಡಾಕ್ಟರ್‌ನ ಕೇಳು, ಲಿವರ್ ತೊಂದ್ರಿ ಇದ್ರ ಹೇಳು.

ಅದ ಕೇರ್‌ಟೇಕರ್:
ಲಿಂಗದ ವಿಷಯ ನಮಗ ಯಾರಿಗೂ ತಲಿಗೇ ಹೊಳೀಲಿಲ್ರಿ. ನಾವು ಚಲೋಕ್ಕಂತನ ತಗದಿಡತಿದ್ವಿ. ಆದ್ರ ಇಷ್ಟೆಲ್ಲಾ ಸಾವಕಾಶ ಮಾಡಿದ್ರ ಎಂಟರೊಳಗ ಹೆಂಗ ಮುಗೀಬೇಕ್ರಿ?

ಸಿಸ್ಟರ್:
ಎಂಟಕ್ಕ ಏನು, ಅವರಿಗೆ ಬಸ್ ಐತೇನು? ಎಂಟು ಅನ್ನೂದು ನಾಷ್ಟಾ ಬಂಡಿ ಬರೂ ಟೈಮು, ನೈಟ್ ಡ್ಯೂಟಿಯವ್ರು ಮನಿಗಿ ಹೋಗೂ ಟೈಮು. ಇದನ್ನ ನಾ ಎಲ್ಲಾ ಕಡೆ ಹೇಳ್ಕೋತ ಬಂದೀನಿ, ಬೈಸ್ಕೊಂಡೂ ಬಂದೀನಿ: ಆಶ್ರಮದಾಗ ಆಗೂ ಬಡದಾಟ ಎಲ್ಲಾ ಬರದಿಟ್ಟು ನೋಡಿದ್ರ ಅರ್ಧಕ್ಕಿಂತ ಹೆಚ್ಚು ನಾವು ಅವರ ಮೈ ಮುಟ್ಟೂ ಹೊತ್ತಿನ್ಯಾಗ ಇರ್ತಾವು. ಜಳಕ, ಅರಿವಿ ಬದ್ಲಿ, ಡೈಪರ್, ಊಟ ತಿನ್ಸೂದು. ಅಂದ್ರ ಜಗಳ ಇರೂದು ಅವರ ತಲ್ಯಾಗ ಅಷ್ಟ ಅಲ್ಲ, ನಮ್ಮ ಡ್ಯೂಟಿ ಚಾರ್ಟಿನ್ಯಾಗೂ ಐತಿ. ನಾಲ್ಕು ಮಂದಿ ಜಳಕ ಮುಂಜಾನಿ, ನಾಲ್ಕು ಮಂದೀದು ಹನ್ನೊಂದಕ್ಕ ಬಿಸಲ ಏರಿದ ಮ್ಯಾಲ, ಉಳದವರದ್ದು ನಾಳೆ, ಹಂಗ ಹಂಚು. ಒಂದು ನೋಟ್‌ಬುಕ್ ಇಡು, ಮೂರು ಕಾಲಂ: ಅದಕ್ಕಿಂತ ಮುಂಚೆ ಏನಾಗಿತ್ತು, ಅವ್ರು ಏನ್ ಮಾಡಿದ್ರು, ಆಮ್ಯಾಲ ನಾವೇನ್ ಮಾಡಿದ್ವಿ. ಬರಿಯೂ ಮುಂದ "ಸಿಟ್ಟಿಗೆದ್ದರು" ಅಂತ ಬರೀಬ್ಯಾಡ, ಅದರಿಂದ ಏನೂ ತಿಳಿಯಂಗಿಲ್ಲ. "ಬಲಗೈ ತೋಳಿಂದ ಅಂಗಿ ಜಗ್ಗಿದಾಗ ಎಡಗೈಲೆ ಹೊಡೆದ್ರು" ಅಂತ ಬರಿ. ವಾರದಾಗ ನಿನಗ ಗೊತ್ತಾಗತೈತಿ ಬಲಹೆಗಲ ನೋಯ್ತೈತಿ ಅಂತ.

ಪ್ರಶ್ನೆ (ವಿಜಯಪುರದಿಂದ):
ಸಿಸ್ಟರ್, ನಮ್ಮ ಅವ್ವ ಆಶ್ರಮದಾಗ ಅದಾಳ್ರಿ, ಮರೆವು ಮೊದಲಿಂದ ಅದ, ಆದ್ರ ಶಾಂತ ಇದ್ಲು. ಸೋಮವಾರದಿಂದ ಒಮ್ಮಿಂದೊಮ್ಮೆಲೆ ಗ್ವಾಡಿ ಮ್ಯಾಲ ಹುಳ ಹರದಾಡ್ಲಿಕತ್ತಾವ ಅಂತ ಚೀರ್ತಾಳ, ಹಗಲೆಲ್ಲಾ ಮಂಪರು, ಎಬ್ಬಿಸಿದ್ರ ಗುರ್ತ ಹಿಡೀವಲ್ಲಳು. ಆಶ್ರಮದವ್ರು ಅಂತಾರ ರೋಗ ಜಾಸ್ತಿ ಆಗ್ಯದ, ಮೆಂಟಲ್ ಡಾಕ್ಟರ್ ಕಡೆ ಗುಳಿಗಿ ತರ್ರಿ ಅಂತ.

ಸಿಸ್ಟರ್:
ಫೋನ್ ಕೆಳಗಿಟ್ಟು ಆಶ್ರಮಕ್ಕ ಹೋಗ್ರಿ, ಇವತ್ತ ದವಾಖಾನಿಗೆ ಒಯ್ರಿ. ಡಿಮೆನ್ಶಿಯಾ ಎರಡು ಮೂರು ದಿನದಾಗ ಹಿಂಗ ಏರಂಗಿಲ್ಲ, ತಿಂಗಳು ವರ್ಷ ಹಿಡೀತೈತಿ. ದಿಢೀರಂತ ಬದ್ಲಿ ಆತಂದ್ರ ಅದಕ್ಕ ಡೆಲಿರಿಯಂ ಅಂತಾರ, ಒಳಗ ಬ್ಯಾರೆ ಏನೋ ಆಗಿರತೈತಿ. ಮೂತ್ರದ ಇನ್ಫೆಕ್ಷನ್, ನ್ಯುಮೋನಿಯಾ, ನಾಲ್ಕೈದು ದಿನ ಸಂಡಾಸ ಆಗಿರಂಗಿಲ್ಲ, ಮೂತ್ರ ಕಟ್ಟಿರತೈತಿ, ನಿಮ್ಮ ವಿಜಯಪುರದ ಬಿಸಲಾಗ ನೀರ್ ಕಡಿಮಿ ಕುಡದಿರ್ತಾರ, ಸೋಡಿಯಂ ಇಳದಿರತೈತಿ, ಶುಗರ್ ಏರುಪೇರಾಗಿರತೈತಿ, ಇಲ್ಲಾ ಬಿದ್ದು ತಲಿಗೆ ಪೆಟ್ಟಾಗಿ ಯಾರೂ ಹೇಳಿರಂಗಿಲ್ಲ. ಹೊಸಾ ಔಷಧ ಏನರ ಸುರು ಆಗೇತೇನು ಕೇಳ್ರಿ, ನೆಗಡಿ ಗುಳಿಗಿ, ಕೆಮ್ಮಿನ ಸಿರಪ್ ಸೈತ, ಮುದುಕರ ತಲಿ ಕೆಡಸ್ತಾವು. ಗುಳಿಗಿ ಚೀಟಿ ಎಲ್ಲಾ ಜೋಡಿ ಒಯ್ರಿ. ಕಣ್ಣಡಕ, ಕಿವಿ ಮಷೀನ್ ಇದ್ರ ಅವನ್ನೂ ಒಯ್ರಿ, ಇಲ್ಲಂದ್ರ ವಾರ್ಡಿನ್ಯಾಗ ಇನ್ನಷ್ಟು ಗಾಬರಿ ಆಗ್ತಾರ. ಉಳದದ್ದು ಆಮ್ಯಾಲ ಮಾತಾಡೋಣ.

(ಎರಡು ದಿನ ಬಿಟ್ಟು) ಅದ ವಿಜಯಪುರದವ್ರು:
ಯೂರಿನ್ ಇನ್ಫೆಕ್ಷನ್ ಅಂದ್ರು, ನೀರೂ ಭಾಳ ಕಡಿಮಿ ಆಗಿತ್ತಂತ. ಅಡ್ಮಿಟ್ ಅದಾಳ್ರಿ. ಹುಳ ಕಾಣೂದು ನಿಂತದ, ಇನ್ನೂ ಪೂರ್ತಿ ಮೊದಲಿನಂಗ ಆಗಿಲ್ಲ.

ಸಿಸ್ಟರ್:
ಆಗಾಕ ವಾರಗಟ್ಟಲೆ ಹಿಡೀಬಹುದು, ಗಾಬರಿ ಆಗಬ್ಯಾಡ್ರಿ. ಹಾಸಿಗಿ ಬಾಜೂಕ ಮನೀಯವ್ರು ಒಬ್ರು ಇರ್ರಿ, ಹಗಲ ಕಿಡಕಿ ತೆರೀರಿ, ರಾತ್ರಿ ಕತ್ತಲಿ ಮಾಡ್ರಿ. ಎದ್ದು ಕುಂದ್ರಾಕ ಡಾಕ್ಟರ್ ಒಪ್ಪಿದ್ರ ದಿನಾ ಕುಂದ್ರಸ್ರಿ.

ಪ್ರಶ್ನೆ (ಬಾಗಲಕೋಟೆ ನವನಗರದಿಂದ):
ಅಕ್ಕಾರ, ನಮ್ಮ ಅಪ್ಪಾಜಿದು. ಹಳೇ ಬಾಗಲಕೋಟ್ಯಾಗ ಕಿರಾಣಿ ಅಂಗಡಿ ಇತ್ತು, ಮನಿ ಅಂಗಡಿ ಎರಡೂ ಆಲಮಟ್ಟಿ ಹಿನ್ನೀರಿಗೆ ಹೋದವು, ನವನಗರಕ್ಕ ಬಂದ್ವಿ, ಆದ್ರ ಅವರಿಗೆ ಸೆಕ್ಟರ್ ನಂಬರ್ ಎಂದೂ ತಲ್ಯಾಗ ಕೂಡ್ಲೇ ಇಲ್ಲ. ಈಗ ವರ್ಷಾತು ಆಶ್ರಮದಾಗ ಅದಾರ. ದಿನಾ ಸಂಜಿ ನಾಲ್ಕೂವರೆ ಐದಕ್ಕ ಗೇಟಿಗೆ ಹೋಗಿ ಸರಳ ಹಿಡ್ಕೊಂಡು "ಮನಿಗೆ ಹೋಗ್ಬೇಕು ಬಿಡ್ರಿ" ಅಂತಾರ. ವಾಚ್‌ಮನ್ ಅಂತಾನ "ಅಜ್ಜಾ ನಿಮ್ಮ ಮನಿ ನೀರಾಗ ಮುಳಗೇತಿ, ಎಲ್ಲಿಗಿ ಹೋಗ್ತಿ". ಅಪ್ಪಾಜಿ ಅದನ್ನ ಮೊದಲ ಸಲ ಕೇಳಿದಂಗ ಅಳ್ತಾರ, ನಾಳೆ ಮತ್ತ ಅದ. ಒಮ್ಮೆ ಗೇಟ್ ತೆರದಿದ್ದಾಗ ಹೊಂಟೂ ಹೋಗಿದ್ರು, ಪುಣ್ಯಾಕ್ಕ ಬಸ್ ಸ್ಟ್ಯಾಂಡ್ ಹತ್ರ ಸಿಕ್ರು.

ಸಿಸ್ಟರ್:
ವಾಚ್‌ಮನ್‌ಗೆ ಇವತ್ತ ಹೇಳ್ರಿ, ಆ ಮಾತು ಬಂದ್ ಮಾಡು ಅಂತ. ಅವ ಕೆಟ್ಟಾವ ಅಲ್ಲ, ಖರೇ ಹೇಳಿದ್ರ ತಿಳೀತೈತಿ ಅನ್ಕೊಂಡಾನ. ಆದ್ರ ನಿಮ್ಮ ಅಪ್ಪಾಜಿಗೆ ಸುದ್ದಿ ಉಳಿಯಂಗಿಲ್ಲ, ಸುದ್ದಿಯಿಂದ ಆದ ಸಂಕಟ ಉಳೀತೈತಿ. ರಾತ್ರಿ ಊಟ ಬಿಟ್ಟು ಕೂತಿರ್ತಾರ, ಯಾಕ ಅಂತ ಅವರಿಗೂ ಗೊತ್ತಿರಂಗಿಲ್ಲ. ದಿನಾ ಒಂದೊಂದ ಸಲ ಊರ ಮುಳಗಸಾಕತ್ತೀವಿ ನಾವು.

ನಾಲ್ಕೂವರೆಗೆ ಅಂಗಡಿಕಾರ ಮನುಷ್ಯಾ ಏನ್ ಮಾಡ್ತಿದ್ದ? ಮಧ್ಯಾಹ್ನ ಊಟ ಮಾಡಿ ಒಂದ ಜೋಂಪ ನಿದ್ದಿ ತಗದು ಮತ್ತ ಅಂಗಡಿ ತೆರಿಯೂ ಹೊತ್ತದು, ದೀಪಾ ಹಚ್ಚಿ ಊದಿನಕಡ್ಡಿ ಬೆಳಗೂ ಹೊತ್ತು. ಮನಿ ಮನಿ ಅಂದ್ರೂ ಅವರ ಕಾಲು ಅಂಗಡಿಗೆ ಹೊಂಟಾವು ಅಂತ ನನಗನಸ್ತೈತಿ. ನಾಲ್ಕಕ್ಕ, ಅಂದ್ರ ಗೇಟಿಗೆ ಹೋಗೂಕಿಂತ ಮೊದ್ಲ, ಒಂದು ಕೆಂಪು ಬಟ್ಟಿ ರಟ್ಟಿನ ಖಾತೆ ಪುಸ್ತಕ, ಪೆನ್ಸಿಲ್ಲು, ಹಳೇ ಬೀಗದಕೈ ಗೊಂಚಲು ಕೊಡ್ರಿ. ಆಶ್ರಮದವ್ರು ಕಾಳು ಆರ್ಸಾಕ ಕೊಡ್ಲಿ, ತೂಕ ಕೇಳ್ಲಿ, "ಸಾಹುಕಾರ್ರ, ಈ ತಿಂಗಳು ಸಕ್ಕರಿ ಎಷ್ಟು ಬರೀಲಿ" ಅಂತ ಕೇಳ್ಲಿ. ಆಟ ಅನ್ನಿಸಬಾರದು, ಖರೇನ ಅಡಗಿಮನಿ ಪಟ್ಟಿ ಅವರ ಮುಂದ ಬರದ್ರ ಇನ್ನೂ ಚಲೋ.

ಗೇಟಿಗೆ ಹೋದ್ರ ಎದುರ ನಿಂತು ಅಡ್ಡಗಟ್ಟಬ್ಯಾಡ್ರಿ. ಬಾಜೂಕ ನಿಂತು ಅವರ ಜೋಡಿ ಹೆಜ್ಜಿ ಹಾಕ್ಕೋತ "ಮನ್ಯಾಗ ಯಾರ್ ಯಾರ್ ಅದಾರ್ರಿ, ಅಂಗಡಿ ಮುಂದ ಕಟ್ಟಿ ಇತ್ತೇನು" ಅಂತ ಕೇಳಿ ಕಂಪೌಂಡ್ ಒಂದು ಸುತ್ತು ಹೊಡದು ಒಳಗ ಬರೂದು. ಮೊದ್ಲ ಸಂಡಾಸಕ್ಕ ಹೋಗಬೇಕೇನು, ಹಸದಾರೇನು ನೋಡ್ರಿ, ಎಷ್ಟೋ ಸಲ "ಮನಿಗೆ" ಅಂದ್ರ ಅಷ್ಟ ಇರತೈತಿ. ಮತ್ತ ಕತ್ತಲಾಗೂ ತನಕ ಲೈಟ್ ಹಚ್ಚಂಗಿಲ್ಲ ಅನ್ನೂ ಉಳಿತಾಯ ಬ್ಯಾಡ. ಹೊತ್ತು ಇಳಿಯೂಕಿಂತ ಮೊದ್ಲ ಹಾಲ್‌ದಾಗ ಎಲ್ಲಾ ಲೈಟ್ ಹಚ್ಚಬೇಕು, ಉದ್ದ ನೆರಳು ಬಿದ್ರ ಗಾಬರಿ ಹೆಚ್ಚಾಗತೈತಿ.

ಹೊರಗ ಹೋಗೂ ಅಪಾಯ ಖರೇ. ಕೈಗೆ ಸ್ಟೀಲ್ ಕಡಗದ ಮ್ಯಾಲ ನಿಮ್ಮ ಫೋನ್ ನಂಬರ್ ಕೆತ್ತಿಸ್ರಿ, ಅಂಗಿ ಒಳಗೂ ಹೊಲೀರಿ. ಇತ್ತೀಚಿನ ಒಂದು ಫೋಟೋ ಮೊಬೈಲ್‌ದಾಗ ಇರ್ಲಿ. ಕಾಣಲಿಲ್ಲ ಅಂದ್ರ ನಾಳೆತನಕ ಕಾಯೂದು ಬ್ಯಾಡ, ಮೊದ್ಲ ಆಸುಪಾಸು ಬಾವಿ, ಹೊಂಡ, ಕೆನಾಲ್ ನೋಡಾಕ ಇಬ್ಬರ್ನ ಓಡಸ್ರಿ, ಅದ ಹೊತ್ತಿಗೆ 112ಕ್ಕ ಫೋನ್ ಹಚ್ಚ್ರಿ. ಹಳೇ ಊರಿನ ದಾರೀನೂ ನೋಡ್ರಿ, ಅವ್ರು ಹೋಗೂದು ಅಲ್ಲಿಗೇ.

ಇನ್ನೊಬ್ಬ ಸದಸ್ಯರು:
ಸಿಸ್ಟರ್ ಕ್ಷಮಿಸ್ರಿ, ಇದು ಹಿರಿಯರಿಗೆ ಸುಳ್ಳು ಹೇಳಿದಂಗ ಅಲ್ಲೇನ್ರಿ? ಮುಳಗಿದ ಮನಿ ಇದ್ದಂಗ ಮಾತಾಡೂದು ನನಗ ಸರಿ ಅನಸವಲ್ದು.

ಸಿಸ್ಟರ್:
ಸುಳ್ಳು ಹೇಳ್ರಿ ಅಂತ ನಾನೂ ಅಂದಿಲ್ರಿ ಸರ್. "ನಾಳೆ ಕರ್ಕೊಂಡು ಹೋಗ್ತೀನಿ" ಅಂತ ನಮ್ಮ ಸ್ಟಾಫ್‌ಗೂ ಹೇಳಗೊಡಂಗಿಲ್ಲ, ಯಾಕಂದ್ರ ಕೆಲವರು ಅರಿವಿ ಗಂಟು ಕಟ್ಟಿ ರಾತ್ರಿಪೂರ್ತಿ ಕಾಯ್ತಾರ. ಮನಿ ಬಗ್ಗೆ ಕೇಳಿದ್ರ ಸುಳ್ಳು ಹೆಂಗಾತು, ಮನಿ ಇತ್ತಲ್ಲ. ಅವ್ರೇ ನಿಮ್ಮ ಕಣ್ಣಾಗ ಕಣ್ಣಿಟ್ಟು "ಊರು ಮುಳಗೇತೇನು" ಅಂತ ಕೇಳಿದ್ರ ಹೌದು ಅನ್ರಿ, ಕೈ ಹಿಡ್ಕೊಂಡು ಬಾಜೂಕ ಕುಂದರ್ರಿ, ಅಷ್ಟೂ ಹೊತ್ತು ಬ್ಯಾರೆ ಕೆಲಸ ಇಟ್ಕೋಬ್ಯಾಡ್ರಿ. ಕೇಳದವರಿಗೆ ದಿನಾ ಹೇಳೂದು ಬ್ಯಾಡ, ನನ್ನ ಮಾತು ಇಷ್ಟ.

ಪ್ರಶ್ನೆ (ಹುನಗುಂದ ಕಡೆ, ಆಶ್ರಮದ ಆಯಾ):
ನಮ್ಮಲ್ಲಿ ಒಂದು ಅಮ್ಮಾರು ದಿನಾ ನನ್ನ ಕಳ್ಳಿ ಅಂತಾರ್ರಿ, ಬಂಗಾರದ ಬಿಲವಾರ ಕದ್ದಿ ಅಂತ ಎಲ್ಲಾರ ಮುಂದ. ಮರ್ಯಾದಿ ಹೋಗತೈತ್ರಿ.

ಸಿಸ್ಟರ್:
ತಂಗಿ, ಮೊದ್ಲ ಖರೇನ ಏನರ ಕಳುವಾಗೇತೇನು ಇನ್‌ಚಾರ್ಜ್ ಕಡೆ ನೋಡ್ಸು, ಡಿಮೆನ್ಶಿಯಾ ಇದ್ದವರ ಸಾಮಾನೂ ಕಳುವಾಗತಾವು. ಇಲ್ಲ ಅಂತಾತು ಅಂದ್ರ ವಾದ ಮಾಡಬ್ಯಾಡ, "ಅಯ್ಯ, ಬರ್ರಿ ಹುಡಕೋಣು" ಅನ್ನು, ಜೋಡಿ ಹುಡುಕು. ಅವ್ರು ಬಚ್ಚಿಡೂ ಜಾಗ ಒಂದೆರಡು ಕಾಯಂ ಇರ್ತಾವು, ತಲದಿಂಬು, ಸೀರಿ ಮಡಿಕಿ, ಅಕ್ಕಿ ಡಬ್ಬಿ. ಬಿಲವಾರ ಮನೀಯವ್ರು ಒಯ್ದಿದ್ರ ಅಂಥಾವ ಎರಡು ಸಾದಾ ಬಿಲವಾರ ತಂದು ಹಾಕ್ಸು. ಮತ್ತ ನಿಮ್ಮ ಇನ್‌ಚಾರ್ಜ್ ಎಲ್ಲಾರ ಮುಂದ ನಿನ್ನ ಪರವಾಗಿ ಮಾತಾಡಬೇಕು, ಅದು ಅವರ ಕೆಲಸ.

ಪ್ರಶ್ನೆ (ಇಳಕಲ್‌ದಿಂದ):
ಅಕ್ಕಾರ, ನಮ್ಮ ಆಯಿ ಆಶ್ರಮದಾಗ ಸಂಜಿ ಆತಂದ್ರ ಊಟದ ಟೇಬಲ್ ಎರಡೂ ಕೈಲೆ ಪಟಪಟ ಬಡೀತಾಳ, ಟೇಬಲ್ ಸುತ್ತ ತಿರಗ್ತಾಳ, "ಹೊತ್ತಾತು ಹೊತ್ತಾತು" ಅಂತ ಚೀರ್ತಾಳ. ಬಾಜೂಕಿನವರಿಗೆ ತ್ರಾಸ ಅಂತ ಖೋಲ್ಯಾಗ ಕೂಡಿ ಹಾಕಾಕ ಸುರು ಮಾಡ್ಯಾರ.

ಸಿಸ್ಟರ್:
ಕೈ ಬಡಿಯೂ ರೀತಿ ಒಂದ್ಸಲ ವಿಡಿಯೋ ಮಾಡಿ ನಿಮ್ಮ ಅವ್ವಗ ತೋರಸ್ರಿ. ಬಡದು ತಿರುವಿ, ಬಡದು ತಿರುವಿ ಮಾಡ್ತಾಳಂದ್ರ ಅದು ಜ್ವಾಳದ ರೊಟ್ಟಿ ಬಡಿಯೂದು! ಜೀವಮಾನಪೂರ್ತಿ ಹೊಲದಿಂದ ಬರವರಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕಿದಾಕಿಗೆ ಆ ಹೊತ್ತಿಗೆ ಸುಮ್ನ ಕುಂದರು ಅಂದ್ರ ಹೆಂಗ ಕುಂದರ್ತಾಳ. ಒಂದು ಪರಾತದಾಗ ಹಿಟ್ಟು ನಾದಿ ಕೊಡ್ರಿ, ಕೆಳಗ ದಪ್ಪ ಬಟ್ಟಿ ಹಾಸಿದ್ರ ಸಪ್ಪಳ ಕಡಿಮಿ. ಹಸಿ ಹಿಟ್ಟು ಬಾಯಿಗೆ ಹಾಕ್ಕೊಳ್ಳೂ ಅಭ್ಯಾಸ ಇದ್ರ ಒಬ್ರು ಬಾಜೂಕ ಇರಬೇಕು, ಒಲಿ ಹತ್ರ ಬ್ಯಾಡ. ಮುಗಿದ ಮ್ಯಾಲ "ಸಾಕ್ರೀ ಆಯಿ, ಎಲ್ಲಾರೂ ಉಂಡ್ರು" ಅಂತ ಯಾರರ ಹೇಳಬೇಕು, ಅದನ್ನ ಮರೀಬಾರದು, ಆಕಿ ಕಾಯೂದು ಆ ಮಾತಿಗೇ. ಅದ ಹೊತ್ತಿಗೆ ಟಿವಿ ಸೀರಿಯಲ್‌ದಾಗ ಅತ್ತಿ ಸೊಸಿ ಬಡದಾಡಾಕತ್ತಿರ್ತಾರ, ಅದನ್ನ ಬಂದ್ ಮಾಡ್ರಿ, ಕೆಲವರು ಅದು ಹಾಲ್‌ದಾಗ ನಡದೈತಿ ಅಂತ ತಿಳೀತಾರ. ಖೋಲ್ಯಾಗ ಕೂಡಿ ಹಾಕೂದು ತಪ್ಪು, ನಿಲ್ಲಸಾಕ ಹೇಳ್ರಿ. ನಾಲ್ಕು ದಿನ ಮಾಡಿ ಫರಕ್ ಬರಲಿಲ್ಲ ಅಂದ್ರ ಹೊಳ್ಳಿ ಬರೀರಿ, ನನ್ನ ಅಂದಾಜು ತಪ್ಪಿದ್ರೂ ತಪ್ಪಬಹುದು.

ಪ್ರಶ್ನೆ (ಜಮಖಂಡಿ ಕಡೆ, ಆಶ್ರಮ ನಡೆಸವ್ರು):
ಸಿಸ್ಟರ್, ಎಲ್ಲಾ ಓದಿದೆ. ಖರೇ ಹೇಳ್ತೀನಿ, ರಾತ್ರಿ ಹದಿನಾಲ್ಕು ಮಂದಿಗೆ ಇಬ್ಬರು ಸ್ಟಾಫ್. ಒಬ್ರಿಗೆ ಖಾತೆ ಪುಸ್ತಕ, ಇನ್ನೊಬ್ರಿಗೆ ಹಿಟ್ಟು, ಯಾರ್ ಮಾಡ್ತಾರ್ರಿ? ಗುಳಿಗಿ ಒಂದೆರಡು ರೂಪಾಯಿದ್ದು, ಎಲ್ಲಾರೂ ಮಲಗ್ತಾರ. ಗುಳಿಗಿ ಅಂದ್ರ ಪಾಪ ಅನ್ನೂಹಂಗ ಮಾತಾಡಬ್ಯಾಡ್ರಿ.

ಸಿಸ್ಟರ್:
ಸರ್, ಖರೇ ಬರದ್ರಿ ಅದಕ್ಕ ಖರೇನ ಉತ್ತರ ಕೊಡ್ತೀನಿ. ಗುಳಿಗಿ ಪಾಪ ಅಲ್ಲ, ನಮ್ಮಲ್ಲೂ ಕೆಲವರು ತಗೋತಾರ. ತಮಗ ಇಲ್ಲಾ ಬ್ಯಾರೆಯವರಿಗೆ ಖರೇನ ಅಪಾಯ ಆಗೂಹಂಗಿದ್ರ, ಇಲ್ಲಾ ಭ್ರಮೆಯಿಂದ ಜೀವ ಹಣ್ಣಾಗೂಹಂಗಿದ್ರ, ಮನೋವೈದ್ಯರು ನೋಡಿ ಕಡಿಮಿ ಡೋಸ್ ಬರದ್ರ ಕೊಡಬೇಕು. ಆದ್ರ ಒಂದೆರಡು ರೂಪಾಯಿ ಅನ್ನೂ ಲೆಕ್ಕ ಪೂರ್ತಿ ಅಲ್ಲ. ಅಮೇರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಾಗ ಹೊಸ ಥರದ ಆಂಟಿಸೈಕೋಟಿಕ್ (ಭ್ರಮೆ, ಉದ್ರೇಕ ಇಳಸೂ) ಗುಳಿಗಿಗಳ ಮಾಹಿತಿ ಹಾಳಿ ಮ್ಯಾಲ ಚೌಕಟ್ಟು ಹಾಕಿದ ಎಚ್ಚರಿಕೆ ಹಾಕ್ಸ್ತು, ಡಿಮೆನ್ಶಿಯಾ ಇರೂ ವಯಸ್ಸಾದವರೊಳಗ ಸಾವು ಹೆಚ್ಚಾಗತೈತಿ ಅಂತ. ಸುಮಾರು 10 ವಾರದ ಪ್ರಯೋಗಗಳಾಗ ಗುಳಿಗಿ ತಗೊಂಡವರೊಳಗ 100ಕ್ಕ 4.5 ಮಂದಿ ಸತ್ರ, ಔಷಧ ಇಲ್ಲದ ಖಾಲಿ ಗುಳಿಗಿ ತಗೊಂಡವರೊಳಗ 2.6. ಹ್ಯಾಲೊಪೆರಿಡಾಲ್ ಥರದ ಹಳೇ ಗುಳಿಗಿಗೂ 2008ರಾಗ ಅದ ಎಚ್ಚರಿಕೆ ಬಂತು. ಪಾರ್ಶ್ವವಾಯು, ಬೀಳೂದು ಬ್ಯಾರೆ. ಲೆವಿ ಬಾಡಿ ಅನ್ನೂ ಜಾತಿ ಡಿಮೆನ್ಶಿಯಾ ಇದ್ದವರಿಗೆ ಹ್ಯಾಲೊಪೆರಿಡಾಲ್ ಕೊಟ್ರ ಮೈ ಕಟ್ಟಗಿ ಆಗಿ ಜೀವಕ್ಕ ಬರಬಹುದು. ಮಬ್ಬಿನ್ಯಾಗ ಎದ್ದು ಸಂಡಾಸಕ್ಕ ಹೊಂಟು ಬಿದ್ದು ಸೊಂಟ ಮುರದ್ರ ಆಪರೇಷನ್ನು, ಹಾಸಿಗಿ ಹುಣ್ಣು, ಆಮ್ಯಾಲ ನಿಮಗ ಇಬ್ಬರು ಸ್ಟಾಫೂ ಸಾಲಂಗಿಲ್ಲ.

ಈಗಾಗಲೇ ನಡದಿದ್ರ ನಾಳೆನ ನಿಲ್ಲಸ್ಬ್ಯಾಡ್ರಿ ಮತ್ತ, ಡಾಕ್ಟರ್‌ಗೆ ತೋರ್ಸಿ ಸಾವಕಾಶ ಇಳಸ್ಬೇಕು. ಅಮೇರಿಕಾದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿ ಪ್ರಕಾರ 4 ವಾರ ಕೊಟ್ಟೂ ಫರಕ್ ಬೀಳಲಿಲ್ಲಂದ್ರ ಇಳಿಸಿ ಬಿಡಸೂದು, ಫರಕ್ ಬಿತ್ತಂದ್ರೂ 4 ತಿಂಗಳೊಳಗ ಒಮ್ಮೆ ಇಳಿಸಿ ನೋಡೂದು. ನಮ್ಮ ಕಡೆ ವರ್ಷಗಟ್ಟಲೆ ಅದ ಚೀಟಿ ತಿರುವಿ ತಿರುವಿ ತರ್ತೀವಿ.

ರಾತ್ರಿ ವಿಷಯಕ್ಕ ಬರೋಣ, ಯಾಕಂದ್ರ ನಿಮ್ಮ ಅಡಚಣಿ ಇರೂದು ಅಲ್ಲೆ. ನಿಮ್ಮಲ್ಲಿ ಊಟ ಎಷ್ಟೊತ್ತಿಗೆ? ಆರೂವರೆಗೆ ಉಣ್ಸಿ ಏಳೂವರೆಗೆ ಮಲಗಸಿದ್ರ ಮಧ್ಯರಾತ್ರಿ ಎರಡಕ್ಕ ಅವರ ನಿದ್ದಿ ಮುಗದಿರತೈತಿ, ಅದಕ್ಕ ಗುಳಿಗಿ ಯಾಕ. ಮಧ್ಯಾಹ್ನ ನಿದ್ದಿ ಅರ್ಧ ತಾಸಿಗೆ ಇಳಸ್ರಿ, ಮುಂಜಾನಿ ಎಳೇ ಬಿಸಲಾಗ ಅಂಗಳದಾಗ ಕುಂದ್ರಸ್ರಿ, ನಾಲ್ಕರ ಮ್ಯಾಲ ಚಾ ಬ್ಯಾಡ, ಮಲಗೂದು ಒಂಬತ್ತೂವರೆ ಹತ್ತಕ್ಕ ತರ್ರಿ. ರಾತ್ರಿ ಎಲ್ಲಾರ್ನೂ ಒಂದ ಹೊತ್ತಿಗೆ ಎಬ್ಬಿಸಿ ಡೈಪರ್ ನೋಡೂ ರೌಂಡ್ ಇದ್ರ ಅದನ್ನ ಬಿಡ್ರಿ, ಎಚ್ಚರಾದವರದ್ದು ನೋಡಿದ್ರ ಸಾಕು, ಹಾಸಿಗಿ ಹುಣ್ಣಿನ ಅಪಾಯ ಇದ್ದವರನ್ನ ಬಿಟ್ಟು. ಖಾತೆ ಪುಸ್ತಕ, ಹಿಟ್ಟು ಎಲ್ಲಾರಿಗೂ ಬೇಕಿಲ್ಲ, ಹದಿನಾಲ್ಕರಾಗ ಗದ್ಲ ಮಾಡವ್ರು ಮೂರೋ ನಾಲ್ಕೋ ಇರ್ತಾರ, ಅವರದ್ದಷ್ಟ ನೋಟ್‌ಬುಕ್ ಇಡ್ರಿ. ಹಗಲ ಸ್ಟಾಫ್ ಒಬ್ರ ಡ್ಯೂಟಿ ಮುಂಜಾನಿ ಏಳರ ಬದ್ಲಿ ಹನ್ನೊಂದಕ್ಕ ಸುರು ಮಾಡಿ ಸಂಜಿ ಏಳರತನಕ ಇಟ್ರ ಖರ್ಚ ಹೆಚ್ಚಾಗಂಗಿಲ್ಲ, ಸಂಜಿ ಗದ್ಲದ ಹೊತ್ತಿಗೆ ಒಂದು ಜೋಡಿ ಕೈ ಹೆಚ್ಚ ಸಿಗತಾವು. ಆದ್ರ ರಾತ್ರಿ ಹದಿನಾಲ್ಕಕ್ಕ ಇಬ್ಬರು, ಅದರಾಗ ಒಬ್ರು ರಜಾ ಹಾಕಿದ್ರ ಒಬ್ಬರ ಅನ್ನೂಹಂಗಿದ್ರ ಅದು ಸಾಲಂಗಿಲ್ಲ, ನಾ ಏನ್ ಬರದ್ರೂ ಸಾಲಂಗಿಲ್ಲ. ಮನೀಯವರಿಗೆ ಕೂಡ್ಸಿ ಲೆಕ್ಕ ತೋರ್ಸಿ ಫೀ ಮಾತಾಡ್ರಿ.

ಮತ್ತ ಕೇಳದಿದ್ರೂ ಹೇಳ್ತೀನಿ, ಕೈಕಾಲ ಮಂಚಕ್ಕ ಕಟ್ಟೂದು ಎಲ್ಲೇ ನಡದಿದ್ರೂ ನಿಲ್ಲಸ್ರಿ. ಕಟ್ಟಿದವರು ಇನ್ನೂ ಜಗ್ಗಾಡ್ತಾರ, ಮಂಚದ ಕಟಾಂಜನ ದಾಟಾಕ ಹೋಗಿ ಇನ್ನೂ ಎತ್ತರದಿಂದ ಬೀಳ್ತಾರ. ಮಂಚ ತಗ್ಗ ಮಾಡಿ ಕೆಳಗ ಗಾದಿ ಹಾಸ್ರಿ.

ಪ್ರಶ್ನೆ (ಬೆಳಗಾವಿ ಶಹಾಪುರದಿಂದ):
ನಮ್ಮ ಅತ್ತೀಯವ್ರು ಖಾನಾಪುರ ಕಡೆಯವ್ರು, ಮನಿಮಾತು ಮರಾಠಿ. ಮೊದ್ಲ ಕನ್ನಡ ಚಲೋ ಬರ್ತಿತ್ತು, ಈಗ ಆಶ್ರಮದಾಗ ಕನ್ನಡದಾಗ ಏನ್ ಹೇಳಿದ್ರೂ ಸಿಟ್ಟಿಗೇಳ್ತಾರ. ಬೇಕಂತ ಮಾಡ್ತಾರ ಅಂತಾರ ಅಲ್ಲಿಯವ್ರು.

ಸಿಸ್ಟರ್:
ಬೇಕಂತ ಅಲ್ರಿ. ಆಮ್ಯಾಲ ಕಲ್ತ ಭಾಷಾ ಮೊದ್ಲ ಹೋಗತೈತಿ ಎಷ್ಟೋ ಮಂದೀದು, ತಾಯಿಭಾಷಾ ಕಡೀತನಕ ಉಳೀತೈತಿ. ತಿಳೀದ ಮಾತಿನ್ಯಾಗ ಯಾರೋ ಮೈ ಮುಟ್ಟಿದ್ರ ಯಾರಿಗಾದ್ರೂ ಸಿಟ್ಟ ಬರತೈತಿ. ಬೆಳಗಾವ್ಯಾಗ ಮರಾಠಿ ಬರೂ ಸ್ಟಾಫ್ ಸಿಗದ ಏನಿಲ್ಲ, ಊಟ ಮತ್ತ ಜಳಕದ ಹೊತ್ತಿಗೆ ಅವರ್ನ ಹಾಕ್ರಿ ಅನ್ರಿ. ಉಳದವರಿಗೆ ಗ್ವಾಡಿಗೆ ಒಂದು ಚೀಟಿ ಅಂಟಸ್ರಿ, ಕನ್ನಡ ಅಕ್ಷರದಾಗ: ಪಾಣಿ ಪಾಹಿಜೆ ಕಾ (ನೀರ್ ಬೇಕೇನು), ದುಖ್ತಂಯ್ ಕಾ (ನೋಯ್ತೈತೇನು), ಜೇವಾಯ್ಲಾ ಚಲಾ (ಊಟಕ್ಕ ನಡೀರಿ), ಘಾಬರೂ ನಕಾ (ಗಾಬರಿ ಆಗಬ್ಯಾಡ್ರಿ). ನೀವ್ ಹೆಂಗ ಕರೀತಿದ್ರಿ, ಆಈ ಅಂತೋ ಕಾಕೂ ಅಂತೋ, ಅದನ್ನೂ ಬರೀರಿ, ಬರೇ ಹೆಸರ ಹಿಡದು ಕರದ್ರ ಆ ವಯಸ್ಸಿನವರಿಗೆ ಅವಮಾನ. ಅವ್ರು ದಿನಾ ಹೇಳ್ತಿದ್ದ ಹರಿಪಾಠೋ ಆರತಿನೋ ಮೊಬೈಲ್‌ದಾಗ ಹಾಕ್ಕೊಟ್ಟು ನೋಡ್ರಿ, ಜಳಕಕ್ಕ ಕರಕೊಂಡು ಹೋಗೂ ಮುಂದ ಅದ ನಡದಿರ್ಲಿ.

ಪ್ರಶ್ನೆ (ಪುಣೆಯಿಂದ, ಊರು ವಿಜಯಪುರ ಜಿಲ್ಲೆ):
ಮೇಡಂ, ತಂದೀನ್ನ ಸೇರ್ಸಾಕ ಆಶ್ರಮ ನೋಡ್ಲಿಕತ್ತೀನಿ. ಎಲ್ಲಾ ಕಡೆ ಸ್ವಚ್ಛ ಅದಾವ, ಎಸಿ ಅದ, ಗುಡಿ ಅದ. ಏನ್ ಕೇಳಿ ಆರಿಸ್ಬೇಕ್ರಿ?

ಸಿಸ್ಟರ್:
ಗುಡಿ, ಎಸಿ ನೋಡಬ್ಯಾಡ್ರಿ. ಹನ್ನೊಂದು ಗಂಟೆಗೆ ಫೋನ್ ಮಾಡಿ ಹೋದ್ರ ಎಲ್ಲಾ ಆಶ್ರಮಾನೂ ಚಂದ ಕಾಣತಾವು. ಮುಂಜಾನಿ ಜಳಕದ ಹೊತ್ತಿಗೆ ಒಮ್ಮೆ, ಸಂಜಿ ಐದೂವರೆ ಮ್ಯಾಲ ಒಮ್ಮೆ ಹೋಗ್ರಿ, ಬರಬ್ಯಾಡ್ರಿ ಅಂದ್ರ ಯಾಕ ಅಂತ ಕೇಳ್ರಿ. ಯಾರರ ಜಳಕ ಒಲ್ಲೆ ಅಂದ್ರ ಏನ್ ಮಾಡ್ತೀರಿ ಅಂತ ಮ್ಯಾನೇಜರ್‌ಗಲ್ಲ, ಆಯಾಗೆ ಕೇಳ್ರಿ. "ಆಮ್ಯಾಲ ನೋಡ್ತೀವ್ರಿ" ಅಂದ್ರ ಚಲೋ ಜಾಗ, "ಮಾಡ್ಸೇ ಮಾಡಸ್ತೀವ್ರಿ" ಅಂದ್ರ ಹೊಳ್ಳಿ ಬರ್ರಿ. ನಿದ್ದಿ ಗುಳಿಗಿ, ಆಂಟಿಸೈಕೋಟಿಕ್ ಎಷ್ಟು ಮಂದಿಗೆ ನಡದಾವು, ಕಡೀಕ ಡಾಕ್ಟರ್ ನೋಡಿದ್ದು ಯಾವಾಗ, ನಮ್ಮನ್ನ ಕೇಳದ ಹೊಸ ಗುಳಿಗಿ ಸುರು ಮಾಡಂಗಿಲ್ಲ ಅಂತ ಬರದು ಕೊಡ್ತೀರೇನು, ಇಷ್ಟು ಕೇಳ್ರಿ. ಹಾಲ್‌ದಾಗ ಕೂತವರು ಎಲ್ಲಾರೂ ಹಗಲ ಹನ್ನೊಂದಕ್ಕ ಗದ್ದ ಎದಿಗೆ ಬಿಟ್ಟು ತೂಕಡಸಾಕತ್ತಿದ್ರ ಅದು ಶಾಂತಿ ಅಲ್ಲ.

ಸೇರ್ಸೂ ದಿನ ಅವರಿಗೆ ಒಂದು ಹಾಳಿ ಬರದು ಕೊಡ್ರಿ, ಮೆಡಿಕಲ್ ಫೈಲ್ ಅಲ್ಲ. ಎಷ್ಟಕ್ಕ ಏಳ್ತಿದ್ರು, ಜಳಕ ಯಾವಾಗ, ಚಾಕ್ಕ ಸಕ್ಕರಿ ಎಷ್ಟು, ಬೆಲ್ಲದ ಚಾನೋ, ಏನ್ ಕೆಲಸ ಮಾಡ್ತಿದ್ರು, ಯಾವ ಕಿವಿ ಕೇಳತೈತಿ, ಯಾವ ಹೆಗಲ ನೋಯ್ತೈತಿ, ಮೈಮ್ಯಾಲಿನ ಯಾವ ವಸ್ತು ತಗೀಬಾರದು, ಯಾರ ಹೆಸರ ಹೇಳಿದ್ರ ಸಿಟ್ಟ ಬರತೈತಿ. ನೀವ್ ಪುಣೇದಾಗ ಇರ್ತೀರಿ, ತಂದೆಯವ್ರು ಮಾತಾಡಾಕ ಆಗದಾಗ ಅಲ್ಲಿ ಅವರ ಪರವಾಗಿ ಹೇಳೂದು ಆ ಹಾಳಿ ಒಂದ. ಎರಡು ಕಾಪಿ ತಗದು ಒಂದನ್ನ ಮಂಚದ ಬಾಜೂಕ ಅಂಟಸ್ರಿ, ಆಫೀಸ್ ಫೈಲಿಗೆ ಹೋದದ್ದನ್ನ ಯಾರೂ ಓದಂಗಿಲ್ಲ.